ಕೂಸಿನ ಎತ್ತರದ ಬತ್ತಿ

ಶಿಲುಬೆಬೋರೆ ಎಂಬ ಗುಡ್ಡದ ಮೇಲೆ ಮಾತೆ ಮರಿಯಮ್ಮನವರ ಹೆಸರಿನ ಒಂದು ಸಣ್ಣ ಗುಡಿ ಇತ್ತು. ಗೋಪುರವಿಲ್ಲ, ಗಂಟೆಯಿಲ್ಲ, ನಾಡಹೆಂಚಿನ ಒಂದೇ ಮಾಡು. ಅದರ ಹಿಂಗೋಡೆಗೆ ಆತುಕೊಂಡ ಕೋಣೆಯಲ್ಲಿ, ಒಂದು ಕಾಲಕ್ಕೆ ಏಣಿ ಇಡಲೆಂದು ಕಟ್ಟಿಸಿದ್ದ ಕೋಣೆಯದು, ಪೂಜ್ಯ ಅಗ್ನೇಸಮ್ಮ ತಾಯಿಯವರು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಒಂದು ಚಾಪೆ, ಎರಡು ಮಡಕೆ, ಒಂದು ಜಪಸರ, ಕರಟದ ಒಂದು ಚೂರು, ಇಷ್ಟೇ ಅವರ ಸಂಸಾರ. ಆ ಕರಟದ ಚೂರಿಗೂ ಕೆಲಸವಿತ್ತು. ಭಕ್ತರು ಹರಕೆಯ ಬತ್ತಿ ಹಚ್ಚಿ ಬೋರೆ ಇಳಿದ ಮೇಲೆ ತಾಯಿಯವರು ಬಲಿಪೀಠದ ಮುಂದಿನ ಕಲ್ಲುಹಾಸಿನ ಮೇಲೆ ಮೊಣಕಾಲೂರಿ, ಕರಗಿ ಬಿದ್ದ ಮೇಣವನ್ನು ಅದರಿಂದ ಕೆರೆದು ತೆಗೆಯುತ್ತಿದ್ದರು. ಯಾವ ಮೇಣ ಯಾರ ಕಣ್ಣೀರು ಎಂಬುದು ಅವರಿಗೆ ಗೊತ್ತಾಗುತ್ತದೆ ಎಂದು ಸುತ್ತಣ ಹಳ್ಳಿಯವರು ಹೇಳುತ್ತಿದ್ದರು. ಅವರನ್ನೇ ಕೇಳಿದರೆ, ನೆಲ ಚೊಕ್ಕಟವಾಗಿರಬೇಕಲ್ಲ ಎಂದು ಮಾತು ಮುಗಿಸುತ್ತಿದ್ದರು.

ಬೋರೆಯ ಕೆಳಗಿನ ಹಳ್ಳಿಯಲ್ಲಿ ಇನ್ನಾಸಪ್ಪ ಎಂಬ ಬತ್ತಿಗಾರನಿದ್ದ. ಏಳು ಹಳ್ಳಿಯ ಗುಡಿಗಳಿಗೆ ಮೇಣದಬತ್ತಿ ಹೋಗುತ್ತಿದ್ದುದು ಅವನ ಮನೆಯಿಂದಲೇ. ಕಾಡಿನ ಸೋಲಿಗರು ತಂದುಕೊಡುವ ಜೇನುಮೇಣವನ್ನು ಕರಗಿಸಿ, ತೂಗುಬಿಟ್ಟ ನೂಲಿನ ಮೇಲೆ ಸೌಟಿನಿಂದ ಹೊಯ್ದು ಹೊಯ್ದು ದಪ್ಪ ಮಾಡಿ, ಒದ್ದೆ ಹಲಗೆಯ ಮೇಲೆ ಉರುಳಿಸಿ ನಯಮಾಡುತ್ತಿದ್ದ. ಒಳ್ಳೆಯವನು, ಪೂಜೆ ತಪ್ಪಿಸದವನು. ಆದರೆ ಒಂದು ಭಯ ಅವನೊಳಗೆ ಗೂಡುಕಟ್ಟಿ ಎಂಟು ವರ್ಷವಾಗಿತ್ತು.

ಅವನಿಗೂ ಹೆಂಡತಿ ಸವೇರಮ್ಮನಿಗೂ ಇದ್ದದ್ದು ಒಂದೇ ಕೂಸು, ತೆರೇಜ. ಮೂರು ವರ್ಷದವಳಿದ್ದಾಗ ಅವಳಿಗೆ ಜ್ವರ ಬಂದು ಕಣ್ಣು ಮೇಲಾಯಿತು. ನಾಟಿವೈದ್ಯರು ಕೈಬಿಟ್ಟರು. ಇನ್ನಾಸಪ್ಪ ಕೂಸನ್ನು ತೋಳಲ್ಲಿ ಹೊತ್ತುಕೊಂಡು ಉರಿಬಿಸಿಲಲ್ಲಿ ಬೋರೆ ಹತ್ತಿ, ಇವಳು ಉಳಿದರೆ ಇವಳ ಎತ್ತರದ ಬತ್ತಿ ಹಚ್ಚುತ್ತೇನೆ ತಾಯಿ ಎಂದು ಮಾತೆ ಮರಿಯಮ್ಮನವರ ಮುಂದೆ ಬಿದ್ದುಕೊಂಡ. ಮಕ್ಕಳಿಗೆ ಕಾಯಿಲೆಯಾದರೆ ಅವರ ಎತ್ತರದ ಬತ್ತಿ ಹೊರುವುದು ಆ ಕಡೆಯ ಕ್ರೈಸ್ತರಲ್ಲಿ ಹಿಂದಿನಿಂದ ನಡೆದುಬಂದದ್ದು. ಸಂಜೆಯೊಳಗೆ ಜ್ವರ ಇಳಿಯಿತು. ಕೂಸು ಗಂಜಿ ಕೇಳಿತು. ಅವನು ನೂಲಿನಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಅಷ್ಟೇ ಉದ್ದದ ಬತ್ತಿ ಮಾಡಿ, ಮರಿಯಮ್ಮನವರ ಹಬ್ಬದ ದಿನ ಹಚ್ಚಿ ಬಂದ.

ಹರಕೆ ತೀರಿತ್ತು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಬಂದು ಕೂಸಿಗೆ ಹೊಸ ಲಂಗ ಹೊಲಿಸಿ, ಪಾಯಸ ಮಾಡಿಸಿ ಉಂಡು ಮಲಗುತ್ತಿದ್ದರು. ಇನ್ನಾಸಪ್ಪನಿಗೆ ನಿದ್ದೆ ಬರಲಿಲ್ಲ. ಒಂದು ಜೀವಕ್ಕೆ ಒಂದು ಬತ್ತಿ ಸಾಕಾಯಿತೇ? ಕೊಟ್ಟ ದೇವರಿಗೆ ಕಿತ್ತುಕೊಳ್ಳಲು ಎಷ್ಟು ಹೊತ್ತು? ಮಾರನೆಯ ವರ್ಷ ಮತ್ತೆ ಅಳೆದ, ಮತ್ತೆ ಹಚ್ಚಿದ. ಅದರ ಮರುವರ್ಷವೂ. ಬರುಬರುತ್ತ ಒಂದು ಕಟ್ಟಳೆಯನ್ನೂ ಸೇರಿಸಿದ. ಬತ್ತಿ ಉರಿಯುವಷ್ಟು ಹೊತ್ತು ಕೂಸು ಅದರ ಪಕ್ಕದಲ್ಲೇ ನಿಂತಿರಬೇಕು, ಅನ್ನ ಮುಟ್ಟಬಾರದು. ಮೊದಲ ವರ್ಷದ ಬತ್ತಿ ಬೈಗಿನೊಳಗೆ ಉರಿದು ಮುಗಿದಿತ್ತು. ಕೂಸು ಬೆಳೆದಂತೆ ಬತ್ತಿಯೂ ಬೆಳೆಯಿತು, ಉಪವಾಸವೂ ಬೆಳೆಯಿತು. ಹೋದ ವರ್ಷ ಬತ್ತಿ ಆರಿದ್ದು ಮಾರನೆಯ ದಿನ ಮಧ್ಯಾಹ್ನ.

ಅಷ್ಟೇ ಅಲ್ಲ. ಜ್ವರ ಬಿಟ್ಟ ದಿನದಿಂದ ಅವನು ಆ ಕೂಸನ್ನು ಎತ್ತಿಕೊಂಡವನಲ್ಲ. ತನ್ನದೆಂದು ಮುದ್ದು ಮಾಡಿದರೆ ಮೇಲಿನವನ ಕಣ್ಣಿಗೆ ಬೀಳುತ್ತದೆ ಎಂದು ಹೆದರಿಕೆ. ಅವಳಿಗೆ ಹೊಸ ಬಟ್ಟೆಯಿಲ್ಲ, ಹೂವಿಲ್ಲ. ‘ನನ್ನ ಮಗಳು’ ಎಂಬ ಮಾತು ಅವನ ಬಾಯಿಂದ ಬರುತ್ತಲೇ ಇರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆಯಲ್ಲ, ಇಲ್ಲಿ ದೇವರು ಕೊಟ್ಟಿದ್ದ, ಗುಡಿಯ ಸ್ವಾಮಿಗಳೂ ಹರಸಿದ್ದರು, ಇಸಕೊಳ್ಳಬೇಕಾದವನೇ ಕೈ ಚಾಚಿರಲಿಲ್ಲ. ಊರವರೇನೋ ಅವನನ್ನು ದೊಡ್ಡ ಭಕ್ತನೆಂದೇ ಹೊಗಳುತ್ತಿದ್ದರು.

ಪ್ರತಿವರ್ಷ ಅವನು ಬತ್ತಿ ಹೊತ್ತು ಗುಡಿಯ ಬಾಗಿಲಿಗೆ ಬಂದಾಗ ಅಗ್ನೇಸಮ್ಮ ತಾಯಿಯವರು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾರ ಕೂಸಪ್ಪ ಇದು?"

"ದೇವ್ರ ಕೂಸು, ತಾಯಿ" ಎನ್ನುತ್ತಿದ್ದ ಅವನು, ತಲೆ ಬಗ್ಗಿಸಿ.

ತಾಯಿಯವರು ಕರಟದ ಚೂರು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಪಾಪ, ವಯಸ್ಸಾಯಿತು, ಹೋದ ವರ್ಷ ಕೇಳಿದ್ದು ಮರೆತಿದ್ದಾರೆ ಎಂದು ಇನ್ನಾಸಪ್ಪ ಅಂದುಕೊಳ್ಳುತ್ತಿದ್ದ.

ಒಂಬತ್ತನೆಯ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ಅವನು ತೆರೇಜಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೂಲು ಹಿಡಿದ. ಹಿಂದಿನ ಎಂಟು ವರ್ಷದ ನೂಲುಗಳನ್ನೂ ಅವನು ಒಂದು ಡಬ್ಬಿಯಲ್ಲಿ ಸುತ್ತಿಟ್ಟಿದ್ದ. ಹೊಸ ನೂಲನ್ನು ಹೋದ ವರ್ಷದ್ದರ ಪಕ್ಕ ಹಾಸಿ ನೋಡಿದ. ಎರಡು ಬೆರಳು ಗಿಡ್ಡವಾಗಿತ್ತು.

ಕೈ ಜಾರಿರಬೇಕು ಎಂದು ಮತ್ತೆ ಅಳೆದ. ಎರಡು ಬೆರಳು ಗಿಡ್ಡ. ಹೊಸ ನೂಲು ಕತ್ತರಿಸಿ, ಹೆಂಡತಿಯ ಕೈಯಲ್ಲಿ ಅಳೆಸಿದ. ಅಷ್ಟೇ. ಡಬ್ಬಿಯ ನೂಲುಗಳನ್ನೆಲ್ಲ ಸಾಲಾಗಿ ಹಾಸಿದಾಗ ಇನ್ನೊಂದು ಕಂಡಿತು: ಆರನೆಯ ವರ್ಷದ ನೂಲಿಗೂ ಏಳನೆಯದಕ್ಕೂ ಉದ್ದದಲ್ಲಿ ವ್ಯತ್ಯಾಸವೇ ಇರಲಿಲ್ಲ, ಎಂಟನೆಯದು ಒಂದು ಬೆರಳು ಕಡಿಮೆಯಿತ್ತು. ಅವನು ಗಮನಿಸಿರಲಿಲ್ಲ. ಹೋದ ವರ್ಷ ಹಿಮ್ಮಡಿ ಮುಟ್ಟದಿದ್ದ ಲಂಗ ಈಗ ನೆಲ ಗುಡಿಸುತ್ತದೆ ಎಂದು ಸವೇರಮ್ಮ ಆಗ ಬಾಯಿಬಿಟ್ಟಳು. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಅವಳು ಸುಮ್ಮನಿದ್ದಳಂತೆ.

ತೆರೇಜ ಚೌಕಟ್ಟಿಗೆ ಬೆನ್ನು ಕೊಟ್ಟು ಹಾಗೇ ನಿಂತಿದ್ದಳು. ಹನ್ನೊಂದು ವರ್ಷದ ಹುಡುಗಿ. ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ದೂರೂ ಇರಲಿಲ್ಲ.

"ಬತ್ತಿ ಉರಿಯೋವಾಗ ನಂಗೂ ಕರಗಿದಂಗೆ ಆಯ್ತದೆ ಅಪ್ಪ. ನಾನು ವಾಪಸ್ ಹೋಯ್ತಾ ಇವ್ನಿ, ಅಲ್ವಾ?"

ಹರಕೆ ಸಾಲದೆ ಹೋಯಿತು, ದೇವರು ಮುನಿದಿದ್ದಾನೆ ಎಂದೇ ಇನ್ನಾಸಪ್ಪ ತಿಳಿದ. ಮನೆಯಲ್ಲಿದ್ದ ಮೇಣವನ್ನೆಲ್ಲ ಕರಗಿಸಿ ಈ ಸಲ ನೂಲಿನ ಅಳತೆಗಿಂತ ಒಂದು ಗೇಣು ಉದ್ದವಾಗಿಯೇ ಬತ್ತಿ ಹೊಯ್ದ. ಬೆಂಕಿಗೆ ತುಪ್ಪ ಸುರಿದು ಆರಿಸುತ್ತೇನೆ ಎನ್ನುವವನ ಬುದ್ಧಿ ಅದು. ಆದರೆ ಆ ಹೊತ್ತಿನಲ್ಲಿ ಅವನಿಗೆ ಹೇಳುವವರು ಯಾರು?

ಹಬ್ಬದ ದಿನ ಬೆಳಗಿನ ಪೂಜೆ ಮುಗಿದು ಜನ ಕರಗಿದ ಮೇಲೆ ಅವನು ಹೊರಟ. ಬಿಳಿ ಬಟ್ಟೆ ಸುತ್ತಿದ ಬತ್ತಿ ಹೆಗಲ ಮೇಲೆ, ಹಿಂದೆ ತೆರೇಜ. ದಾರಿಯಲ್ಲಿ ಎದುರಾದ ಮುದುಕನೊಬ್ಬ ಆ ಬಿಳಿಯ ಉದ್ದನೆಯ ಹೊರೆಯನ್ನು ಕಂಡು ತಲೆಯ ಮುಂಡಾಸು ತೆಗೆದು ಪಕ್ಕಕ್ಕೆ ಸರಿದು ನಿಂತ. ಶವವೆಂದು ತಿಳಿದಿದ್ದ. ಇನ್ನಾಸಪ್ಪ ತಿರುಗಿ ನೋಡಲಿಲ್ಲ.

ನಡುಮಧ್ಯಾಹ್ನ. ಬೋರೆಯ ಮೇಲೆ ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಇಳಿಜಾರಿನಲ್ಲಿ ಮೇಯಬೇಕಾದ ಆಡುಗಳು ಮೇಯುವುದು ಬಿಟ್ಟು, ಎಲ್ಲವೂ ಗುಡಿಯ ಕಡೆ ಮುಖಮಾಡಿ ನಿಂತಿದ್ದವು. ಬಾಗಿಲಲ್ಲಿ ತಾಯಿಯವರು ಇರಲಿಲ್ಲ. ಮೊದಲ ಸಲ ಅವನನ್ನು ಯಾರೂ ಏನೂ ಕೇಳಲಿಲ್ಲ.

ಬತ್ತಿಯನ್ನು ಕಲ್ಲಿನ ಕುಳಿಯಲ್ಲಿ ನಿಲ್ಲಿಸಿ ಬೆಂಕಿಕಡ್ಡಿ ಗೀರಿದ. ಹತ್ತಲಿಲ್ಲ. ಇನ್ನೊಂದು ಗೀರಿದ. ಬತ್ತಿಗಾರನ ಕೈಯಲ್ಲಿ ಬತ್ತಿ ಹತ್ತದಿರುವುದುಂಟೇ? ಮೂರನೆಯ ಕಡ್ಡಿಗೆ ಜ್ವಾಲೆ ಎದ್ದಿತು, ಎದ್ದದ್ದು ನೆಟ್ಟಗೆ ನಿಂತುಬಿಟ್ಟಿತು. ತೊನೆಯಲಿಲ್ಲ, ಚಟಗುಟ್ಟಲಿಲ್ಲ. ಅವನು ಕೈಮುಗಿಯಲು ಹೋದವನು ಗೋಡೆ ನೋಡಿದ.

ಬಾಗಿಲಿನಿಂದ ಬೀಳುವ ಬೆಳಕಿಗೆ ಸುಣ್ಣದ ಗೋಡೆಯ ಮೇಲೆ ಬತ್ತಿಯ ನೆರಳು ಬಿದ್ದಿತ್ತು. ಆ ನೆರಳಿಗೆ ಎರಡು ಜಡೆ ಇದ್ದವು. ಕೈ ಜೋತುಬಿಟ್ಟು ನಿಂತ ಹುಡುಗಿಯ ನೆರಳು ಅದು. ಬತ್ತಿಯ ಪಕ್ಕದಲ್ಲೇ ನಿಂತಿದ್ದ ತೆರೇಜಳ ಹಿಂದೆ ಗೋಡೆ ಬರಿಯ ಬೆಳ್ಳಗೆ, ನೆರಳೇ ಇಲ್ಲದೆ ಇತ್ತು. ಮೇಣದ ಮೊದಲ ಹನಿ ಜಾರಿತು. ಅವಳು ಚಳಿಯಾದವಳಂತೆ ನಡುಗಿ, ಕುಸಿದು, ಕಲ್ಲಿನ ಮೇಲೆ ಕುಳಿತಳು.

ಇನ್ನಾಸಪ್ಪ ಬತ್ತಿಯತ್ತ ಒಂದು ಹೆಜ್ಜೆ ಇಟ್ಟ. ಬತ್ತಿ ಆರಿಸಬೇಕು ಎಂದು ಮನಸ್ಸು ಹೇಳುತ್ತದೆ, ಹರಕೆಯ ಬತ್ತಿ ಆರಿಸಿದರೆ ಸರ್ವನಾಶ ಎಂದು ಭಯ ಹೇಳುತ್ತದೆ. ಅವನು ಎರಡರ ನಡುವೆ ಕಲ್ಲಾಗಿ ನಿಂತ.

ಆಗ ಅಗ್ನೇಸಮ್ಮ ತಾಯಿಯವರು ಹಿಂಬಾಗಿಲಿನಿಂದ ಬಂದರು. ಬರಿಗಾಲು, ಕೈಯಲ್ಲಿ ಅದೇ ಕರಟದ ಚೂರು. ಅವರು ಯಾರನ್ನೂ ನೋಡಲಿಲ್ಲ. ನೇರವಾಗಿ ಬಂದು ಎರಡು ಬೆರಳಿನಿಂದ ಜ್ವಾಲೆಯನ್ನು ಹಿಸುಕಿ ಆರಿಸಿದರು.

ಇನ್ನಾಸಪ್ಪ ಅವರ ಕಾಲಿಗೆ ಬಿದ್ದ. ಹರಕೆ ಮುರಿಯಿತಲ್ಲ, ಈಗ ದೇವರು ಕೂಸನ್ನು ಕಿತ್ತುಕೊಳ್ಳುತ್ತಾನಲ್ಲ ಎಂದು ಬಿಕ್ಕಿದ.

ತಾಯಿಯವರು ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಕೊಟ್ಟೋನು ವಾಪಸ್ ಕೇಳ್ನಿಲ್ಲ ಕಣಪ್ಪ. ನೀನಾಗೇ ವರ್ಷ ವರ್ಷ ತಂದು ಇಟ್ಟು ಹೋಯ್ತಾ ಇದ್ದೀಯ."

ಅವರು ಅವನನ್ನು ಎಬ್ಬಿಸಿ ಹಿಂದಿನ ಕೋಣೆಗೆ ಕರೆದೊಯ್ದರು. ಮೂಲೆಯಲ್ಲಿ ಎರಡನೆಯ ಮಡಕೆ ಇತ್ತು. ಅದರ ತುಂಬ ಮೇಣದ ಮುದ್ದೆಗಳು, ಎಣಿಸಿದಂತೆ ಎಂಟು. ಅವನ ಎಂಟು ಬತ್ತಿಗಳಿಂದ ಕೆರೆದು ತೆಗೆದದ್ದು. ಉರಿದುಹೋದ ಬತ್ತಿಗಳಿಂದ ಅಷ್ಟೊಂದು ಮೇಣ ಉಳಿಯುವುದಿಲ್ಲ ಎಂಬುದು ಬತ್ತಿಗಾರನಾದ ಅವನಿಗೆ ಚೆನ್ನಾಗಿ ಗೊತ್ತು. ಇಲ್ಲಿ ಹನಿಯಷ್ಟೂ ಕಡಿಮೆಯಾದಂತೆ ಕಾಣಲಿಲ್ಲ.

ತಾಯಿಯವರು ಅವನನ್ನು ಕೂರಿಸಿ ಮಡಕೆಯನ್ನು ಅವನ ಮಡಿಲಲ್ಲಿಟ್ಟರು. ಅದು ಬೆಚ್ಚಗಿತ್ತು. ಅವನು ತೋಳಿನಿಂದ ಬಳಸಿ ಹಿಡಿದ. ಹಿಡಿದೊಡನೆ ಆ ಭಾರ ಅವನಿಗೆ ಗುರುತಾಯಿತು. ಉರಿಬಿಸಿಲಲ್ಲಿ ಬೋರೆ ಹತ್ತಿದ ದಿನ ಈ ತೋಳಿನಲ್ಲಿದ್ದ ಭಾರ, ಜ್ವರದಲ್ಲಿ ಮೈಮರೆತ ಮೂರು ವರ್ಷದ ಕೂಸಿನ ಭಾರ, ಒಂದು ತೊಲವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಡಕೆಯೊಳಗಿನಿಂದ ಸಣ್ಣಗೆ ಉಸಿರಾಡಿದಂತೆ ಕೇಳಿಸಿತು ಎಂದು ಅವನು ಮುಪ್ಪಿನಲ್ಲಿಯೂ ಆಣೆಯಿಟ್ಟು ಹೇಳುತ್ತಿದ್ದ.

"ಕೊಟ್ಟೋನು ಮುಟ್ಟಿಲ್ಲ. ಹಂಗೇ ಮಡಗವ್ನೆ" ಅಂದರು ತಾಯಿಯವರು. "ಎತ್ಕೊಂಡು ಹೋಗು."

ಇನ್ನಾಸಪ್ಪ ಅಳುತ್ತಲೇ ಸೊಂಟ ತಡಕಿದ, ಹೆಗಲ ವಸ್ತ್ರ ತಡಕಿದ. ಹಾಳು ಅಭ್ಯಾಸ ನೋಡಿ. ಇದಕ್ಕೆ ನಾನೇನು ಸಲ್ಲಿಸಲಿ ತಾಯಿ ಎಂದು ಕೇಳಿದ. ತಾಯಿಯವರಿಗೆ ನಗು ಬಂದಿತು. ಅವನ ಎರಡು ಕೈಯನ್ನೂ ಹಿಡಿದು, ಅಂಗೈ ಮೇಲೆ ಮಾಡಿ ಬಿಡಿಸಿಟ್ಟರು. ಹೀಗೆ ಖಾಲಿ ಇದ್ದರೆ ತಾನೇ ಏನಾದರೂ ಹಿಡಿಸುವುದು ಎಂದರು.

ಅವನು ಎದ್ದು ಗುಡಿಗೆ ಓಡಿದ. ತೆರೇಜ ಕಲ್ಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಎಂಟು ವರ್ಷದ ಮೇಲೆ ಅವನು ಅವಳನ್ನು ಬಾಚಿ ಎತ್ತಿಕೊಂಡ. ಹನ್ನೊಂದು ವರ್ಷದ ಹುಡುಗಿ ಎತ್ತಿಕೊಳ್ಳುವ ಪ್ರಾಯದವಳಲ್ಲ, ಕಾಲು ಅವನ ಮೊಣಕಾಲಿಗೆ ಬಡಿಯುತ್ತಿತ್ತು. ಅವಳು ಕಣ್ಣುಬಿಟ್ಟು, ಯಾವಾಗಲೂ ಹೀಗೇ ಎತ್ತಿಕೊಳ್ಳುತ್ತಿದ್ದವನೇ ಎಂಬಂತೆ ಅವನ ಕೊರಳಿಗೆ ಮುಖವಿಟ್ಟು, ಹಸಿವು ಅಪ್ಪ ಅಂದಳು. ತಾಯಿಯವರು ತಮ್ಮ ಪಾಲಿಗೆಂದು ಇಟ್ಟುಕೊಂಡಿದ್ದ ಒಂದೇ ರಾಗಿಮುದ್ದೆಯನ್ನು ಅವಳಿಗೆ ಕೊಟ್ಟರು. ಅರ್ಧ ಅವಳು ತಿಂದಳು, ಇನ್ನರ್ಧವನ್ನು ಅವನಿಗೆ ಕೊಟ್ಟರು. ಬೇಡವೆನ್ನಲು ಬಾಯಿ ತೆರೆದವನು ತೆರೆದ ಬಾಯಿಗೆ ತುತ್ತನ್ನೇ ಹಾಕಿಕೊಂಡ.

ಹೊರಡುವಾಗ ಕೋಣೆಯೊಳಗೆ ಇಣುಕಿದ. ಮಡಕೆಯಲ್ಲಿ ಒಂದು ಹಿಡಿ ಒಣ ಮೇಣವಿತ್ತು, ಅಷ್ಟೇ. ಬೋರೆ ಇಳಿಯುವಾಗ ಬಿಸಿಲು ಬೆನ್ನಿಗಿತ್ತು. ಮುಂದೆ ದಾರಿಯ ಮೇಲೆ ಅವನ ನೆರಳು ಬಿದ್ದಿತ್ತು, ಅವನ ಕೊರಳು ತಬ್ಬಿದ ಎರಡು ಜಡೆಯ ನೆರಳೂ ಅದರೊಡನೆ ಇತ್ತು. ಆಡುಗಳು ತಲೆ ತಗ್ಗಿಸಿ ಮೇಯುತ್ತಿದ್ದವು.

ಆ ವಾರವೇ ತೆರೇಜಳಿಗೆ ಕೆಂಪು ಹೂವಿನ ಹೊಸ ಲಂಗ ಬಂತು. ಡಬ್ಬಿಯ ನೂಲುಗಳನ್ನು ಇನ್ನಾಸಪ್ಪ ಹೆಣೆದು ಅವಳ ಜಡೆಗೆ ಕುಚ್ಚು ಮಾಡಿಕೊಟ್ಟ. ಭಯ ಒಂದೇ ದಿನಕ್ಕೆ ಬಿಟ್ಟುಹೋಗಲಿಲ್ಲ. ಎಷ್ಟೋ ಸಲ ಅವನ ಕೈ ನೂಲಿಗಾಗಿ ತಡಕುತ್ತಿತ್ತು. ಆಗೆಲ್ಲ ಅವನು ಅಂಗೈ ಬಿಡಿಸಿ ಮೇಲೆ ಮಾಡಿ ಸುಮ್ಮನೆ ಕೂರುತ್ತಿದ್ದ.

ಮುಂದಿನ ವರ್ಷ ಮರಿಯಮ್ಮನವರ ಹಬ್ಬ ಬಂತು. ಏಳು ಹಳ್ಳಿಯವರು ಅವನು ಮಾಡಿದ ಬತ್ತಿಗಳನ್ನೇ ಹಿಡಿದು ಬೋರೆ ಹತ್ತಿದರು. ಇನ್ನಾಸಪ್ಪ ಮಾತ್ರ ಬರಿಗೈಯಲ್ಲಿ ಹತ್ತಿದ. ಬತ್ತಿ ಎಲ್ಲಿ ಎಂದು ಕೇಳಿದವರಿಗೆ ಅಂಗೈ ಬಿಡಿಸಿ ತೋರಿಸಿದ. ಮುಂದೆ ತೆರೇಜ ಓಡುತ್ತಿದ್ದಳು, ಹೊಸ ಲಂಗ ಆಗಲೇ ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಹೋಗಿತ್ತು.

ಗುಡಿಯ ಬಾಗಿಲಲ್ಲಿ ಅಗ್ನೇಸಮ್ಮ ತಾಯಿಯವರು ನಿಂತಿದ್ದರು. ಅವನ ಖಾಲಿ ಕೈಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಒಂಬತ್ತು ವರ್ಷದ ಹಿಂದೆ ಕೇಳಿದಂತೆಯೇ ಕೇಳಿದರು.

"ಯಾರ ಕೂಸಪ್ಪ ಇದು?"

ಇನ್ನಾಸಪ್ಪನ ತುಟಿ ಹಳೆಯ ಮಾತಿಗೆ ತೆರೆಯಿತು, ನಿಂತಿತು. ಅವನು ತಲೆಯೆತ್ತಿದ.

"ನಂದು ತಾಯಿ" ಅಂದ. "ನನ್ನ ಮಗಳು."

ತಾಯಿಯವರು ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕರಟದ ಚೂರು ಎತ್ತಿಕೊಂಡು, ನೆಲ ಕೆರೆಯಲು ಒಳಗೆ ಹೋದರು.