ನೀಲಗಂಗಮ್ಮ ತಾಯಿಯವರು ಹಿಂತಿರುಗಿಸಿದ ಸೀರೆ

ನೇಕಾರರ ಓಣಿಯ ಕೊನೆಗೆ, ತಗಡಿನ ಮಾಡಿನ ಒಂದೇ ಕೋಣೆಯೇ ಪೂಜ್ಯ ನೀಲಗಂಗಮ್ಮ ತಾಯಿಯವರ ಮಠ. ಆ ಸೋಮವಾರ ತಾಯಿಯವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ನೇಕಾರರ ಸಂಘದ ಅಧ್ಯಕ್ಷರಾದ ರಾಚಪ್ಪನವರು ಹೊಸ ಸೀರೆಯೊಂದನ್ನು ಅವರ ಪಾದದ ಬಳಿ ಇಟ್ಟು, "ನಾನ ನೇಯ್ದದ್ದು ತಾಯಿ. ಸ್ವೀಕಾರ ಮಾಡ್ರಿ" ಎಂದರು. ಹೆಂಡತಿ ಗಂಗವ್ವ ತೀರಿ ತಿಂಗಳಾಗಿತ್ತು, ಮನಸ್ಸಿಗೆ ಸಮಾಧಾನವಿರಲಿಲ್ಲ.

ಅಷ್ಟರಲ್ಲಿ ಹಾಲವ್ವ ಬಂದಳು. ಗಂಡ ಬಿಟ್ಟುಹೋದವಳು, ಅರವತ್ತು ದಾಟಿದವಳು. ಸರ್ಕಾರದ ನೇಕಾರರ ಪಿಂಚಣಿಗೆ ಆಕೆ ಬರೆಸಿದ ಅರ್ಜಿಗೆ ರಾಚಪ್ಪನವರು ಮೂರು ಸಲ ಸಹಿ ನಿರಾಕರಿಸಿದ್ದರು.

"ರಾಚಣ್ಣಾ, ತಾಯಿ ಮುಂದ ಹೇಳು. ನಾ ನೇಕಾರ್ತಿ ಹೌದೋ ಅಲ್ಲೋ?"

"ಮಗ್ಗದ ಕುಣಿಗೆ ಇಳದು ಕುಂತು ನೇಯ್ದಾಂವ ನೇಕಾರ. ನೀ ಎಂದರ ಇಳದೀಯೇನು?"

"ಇಳಿಯಾಕ ಬಿಟ್ಟೋರ್ಯಾರು? ಹೆಂಗಸು ಇಳದರ ಮೈಲಿಗಿ ಅಂದೋರು ನೀವ, ಇಳದಿಲ್ಲ ಅನ್ನೋರೂ ನೀವ. ನಲವತ್ತು ವರ್ಷ ನಾ ಕೆಚ್ಚಿದ ಹಾಸಿನ ಮ್ಯಾಲ ಈ ಓಣಿ ಲಾಳಿ ಒಗದೈತಿ. ಎಳಿ ತಾವ ಬಂದು ಕೂಡಿಕೊಂಡಾವೇನು?"

ಮಗ್ಗದ ಮೇಲಿನ ಉದ್ದ ಎಳೆಗಳೇ ಹಾಸು; ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದೇ ಕೆಚ್ಚುವುದು. ಮೂರು ಸಾವಿರಕ್ಕೂ ಮಿಕ್ಕಿದ ಎಳೆಗಳು. ಆ ಓಣಿಯಲ್ಲಿ ಅದು ಹೆಂಗಸರ ಪಾಲು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದೂ ಎಳೆಗಳಿಗೆ ಗಂಜಿ ಹಾಕುವುದೂ ಅವರದೇ. ಲೆಕ್ಕಕ್ಕೆ ಮಾತ್ರ ಯಾವುದೂ ಇಲ್ಲ.

"ಅದು ಮನೀಗೆಲಸ" ಎಂದರು ರಾಚಪ್ಪನವರು, ತಾಯಿಯವರ ಕಡೆ ತಿರುಗಿ. "ಇದಕ್ಕೆಲ್ಲ ಸಹಿ ಹಾಕಿದರ ನಾಳೆ ಒಲಿ ಊದಾಕಿನೂ ಬರ್ತಾಳ."

ತಾಯಿಯವರು ಮೊರವನ್ನು ಕೆಳಗಿಟ್ಟರು. ಸೀರೆಯನ್ನು ಎತ್ತಿ ರಾಚಪ್ಪನವರ ತೊಡೆಯ ಮೇಲಿರಿಸಿದರು.

"ತಮ್ಮಾ, ಇದರಾಗ ನಿನ್ನ ಕೈಯಿಂದ ಆದದ್ದಷ್ಟ ನನಗ ಕೊಡು. ಉಳದದ್ದು ಯಾರದೋ ಅವರಿಗೆ ಒಯ್ದು ಕೊಡು."

ರಾಚಪ್ಪನವರು ನಕ್ಕರು. ಸೀರೆಯ ಮಡಿಕೆ ಬಿಚ್ಚಿದರು. ಅಡ್ಡ ಎಳೆ ಮಗಳು ಸುತ್ತಿದ ಕಂಡಿಕೆಯದು. ಉದ್ದ ಎಳೆ? ಅದು ಗಂಗವ್ವ ಜ್ವರದಲ್ಲಿ ಕುಳಿತು ಕೆಚ್ಚಿದ ಕಡೆಯ ಹಾಸು. ಕೆಚ್ಚಿ ಎದ್ದವಳು ಮಲಗಿದಳು, ಮತ್ತೆ ಏಳಲಿಲ್ಲ. ಅವಳ ಮರಣ ಬರೆಸಲು ಹೋದಾಗ ಪಂಚಾಯ್ತಿಯ ಗುಮಾಸ್ತ, "ತೀರಿಕೊಂಡವರ ಉದ್ಯೋಗ?" ಎಂದು ಕೇಳಿದ್ದ. "ಏನೂ ಇಲ್ಲ ಬರಕೊ. ಮನ್ಯಾಗ ಇರ್ತಿದ್ಲು" ಎಂದವರು ಇವರೇ.

ರಾಚಪ್ಪನವರು ಸೀರೆಯನ್ನು ಮತ್ತೆ ಮಡಿಸಿದರು. ತಾಯಿಯವರು ಮತ್ತೆ ಜೋಳಕ್ಕೆ ಕೈಹಾಕಿದ್ದರು.

"ಅರ್ಜಿ ಕೊಡವ್ವಾ" ಎಂದರು ರಾಚಪ್ಪನವರು. ಹಾಲವ್ವ ಕೊಟ್ಟಳು. ಸಹಿ ಹಾಕಿದರು. ಆಕೆ ಕೈಮುಗಿಯಲಿಲ್ಲ. "ಗಂಗವ್ವ ಇದ್ದಾಗ ಈ ಬುದ್ಧಿ ಬಂದಿದ್ದರ ಆಕೀನೂ ಒಂದು ಅರ್ಜಿ ಬರಸ್ತಿದ್ಲು" ಎಂದು ಹೊರಟುಹೋದಳು.

ಮರುದಿನ ಬೆಳಗ್ಗೆ ರಾಚಪ್ಪನವರು ಪಂಚಾಯ್ತಿಯಲ್ಲಿದ್ದರು. ಹೆಂಡತಿಯ ಹೆಸರಿನ ಮುಂದೆ ನೇಕಾರ್ತಿ ಎಂದು ತಿದ್ದಬೇಕು ಎಂದರು.

ಗುಮಾಸ್ತ ನಕ್ಕ. "ಸತ್ತೋರಿಗೆ ಉದ್ಯೋಗ ಯಾಕ್ರಿ ಕಾಕಾ?"

"ಬದುಕಿದ್ದಾಗ ನಾ ಕೊಡಲಿಲ್ಲಪಾ."

ತಿದ್ದಲು ಬರುವುದಿಲ್ಲವೆಂದ ಗುಮಾಸ್ತ. ರಾಚಪ್ಪನವರು ಹೊಸ್ತಿಲ ಬಳಿ ಟವೆಲ್ಲು ಹಾಸಿ ಕುಳಿತರು. ಮರುದಿನವೂ ಬಂದು ಅಲ್ಲಿಯೇ ಕುಳಿತರು.