ದ್ಯಾಮಜ್ಜಿಯ ಕೌದಿ

ಒಂದು ಕುರುಚಲು ಕಾಡಿನಲ್ಲಿ, ದೊಡ್ಡ ಬಂಡೆಯೊಂದರ ಬುಡದ ಬಿಲದಲ್ಲಿ, ದ್ಯಾಮಜ್ಜಿ ಎಂಬ ಮುದಿ ಮೊಲ ಇದ್ದಳು. ಜೊತೆಗೆ ಸೊಸೆ ಕೆಂಚವ್ವ, ನಾಲ್ಕು ಎಳೆಯ ಮರಿಗಳು. ಆ ಮನೆಗೆ ಇದ್ದ ಆಸ್ತಿ ಒಂದೇ, ಒಂದು ಹಳೆಯ ಕೌದಿ. ಅಜ್ಜಿಯ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ತಮ್ಮ ಮೈಯಿಂದ ಉದುರಿದ ತುಪ್ಪಳವನ್ನು ಪದರ ಪದರವಾಗಿ ಇಟ್ಟು, ಮೇಲೆ ನಾರಿನ ಹೊದಿಕೆ ಹಾಕಿ ಹೊಲಿದದ್ದು. ಎಂಥ ಚಳಿ ಬಂದರೂ ಅದರಡಿ ಮಲಗಿದ ಮರಿ ಸತ್ತದ್ದಿಲ್ಲ.

ಆ ವರ್ಷ ಕೌದಿಯ ಹೊದಿಕೆ ಚಿಂದಿಯಾಯಿತು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಸೊಸೆ ಹಸಿ ಬಾಣಂತಿ. ಹೊಲಿಯುವವರು ಯಾರು? ಆಗ ಬಂದ ನೋಡಿ ಮುಳ್ಳುಹಂದಿ ತಿರಕಪ್ಪ.

"ಅಜ್ಜೀ, ನಾ ಇರೂಮುಂದ ನಿನಗ್ಯಾಕ ಚಿಂತಿ? ನನ್ನ ಮೈತುಂಬ ಸೂಜಿನ ಅದಾವಲ್ಲ! ಒಂದು ಬುಟ್ಟಿ ಗೆಡ್ಡಿ ಕೊಡು ಸಾಕು."

ಅಜ್ಜಿ ಗೆಡ್ಡೆಯನ್ನೂ ಕೊಟ್ಟಳು, ಕೌದಿಯನ್ನೂ ಕೊಟ್ಟಳು. ನಾಲ್ಕನೆಯ ದಿನ ತಿರಕಪ್ಪ ಅದನ್ನು ಚೊಕ್ಕವಾಗಿ ಮಡಚಿ ತಂದ. ಹೊಲಿಗೆಯೋ, ಇರುವೆ ಸಾಲಿನ ಹಾಗೆ ನೇರ. "ಮಡಿಕಿ ಬಿಚ್ಚಬ್ಯಾಡ್ರಿ ಮತ್ತ. ನಿಮ್ಮ ಮನಿ ನೇಮ ನನಗೂ ಗೊತ್ತೈತಿ" ಎಂದು ನಕ್ಕು ಹೋದ.

ನೇಮ ಏನೆಂದರೆ, ಹೊಸದಾಗಿ ಹೊಲಿದ ಕೌದಿಯನ್ನು ಮೊದಲ ಮಂಜು ಬೀಳುವವರೆಗೆ ಬಿಚ್ಚಬಾರದು. ಬಿಚ್ಚಿದರೆ ಮನೆಗೆ ಕೇಡು.

ಕೆಂಚವ್ವ ಕೌದಿಯನ್ನು ಎತ್ತಿ ನೋಡಿದಳು. "ಅತ್ತಿ, ಇದು ಹಗುರಾಗೇತ್ರಿ. ಒಮ್ಮೆ ಬಿಚ್ಚಿ ನೋಡೂಣು."

"ಬಾಯಿ ಬಿಟ್ಟು ಅನಬ್ಯಾಡ! ನಮ್ಮತ್ತಿ ಬಿಚ್ಚಲಿಲ್ಲ, ಅವರತ್ತಿ ಬಿಚ್ಚಲಿಲ್ಲ. ನೀ ಯಾವ ದೊಡ್ಡಾಕಿ?" ಎಂದು ಅಜ್ಜಿ ಗದರಿದಳು. ಕೆಂಚವ್ವ ಕೌದಿಯನ್ನು ಇದ್ದಲ್ಲೇ ಇಟ್ಟಳು. ಬಾಣಂತಿ ಮಾತು ಯಾರು ಕೇಳುತ್ತಾರೆ ಹೇಳಿ!

ಮಂಜು ಬಿತ್ತು. ಅಜ್ಜಿ ಖುಷಿಯಿಂದ ಮಡಿಕೆ ಬಿಚ್ಚಿ ಮರಿಗಳಿಗೆ ಹೊದಿಸಿದಳು. ಮರಿಗಳು ಗಡಗಡ ನಡುಗಿದವು. ಹೊಲಿಗೆ ಕಿತ್ತು ನೋಡಿದರೆ ಒಳಗೆ ತುಪ್ಪಳದ ಎಳೆಯೂ ಇಲ್ಲ, ಬರೀ ಹಿಡಿ ಒಣಹುಲ್ಲು. ಅತ್ತೆ ಸೊಸೆ ಇಬ್ಬರೂ ಮರಿಗಳನ್ನು ಅವುಚಿಕೊಂಡರು. ಇದ್ದ ಎರಡು ಮೈ ನಾಲ್ಕು ಮರಿಗಳಿಗೆ ಸಾಲಲಿಲ್ಲ. ಬೆಳಗಾಗುವಷ್ಟರಲ್ಲಿ ಕಿರಿಯದು ಸೆಟೆದುಕೊಂಡಿತ್ತು.

ಕೆಂಚವ್ವ ಅಳಲಿಲ್ಲ. "ಅವತ್ತ ಬಿಚ್ಚೂಣು ಅಂದಿದ್ದೆ" ಎಂದಳು. ಅಷ್ಟೇ. ಅಜ್ಜಿಯ ಎದೆ ಒಡೆಯಿತು. ಅವಳು ಕುಂಟುತ್ತ ತಿರಕಪ್ಪನ ಬಿಲಕ್ಕೆ ಹೋದಳು.

ಆ ಭಂಡ ಬಿಲದ ಬಾಯಲ್ಲೇ ಮೆರೆಯುತ್ತ ಕೂತಿದ್ದ. ಮೈಮೇಲೆ ದಪ್ಪನೆಯ ಹೊಸ ಕೌದಿ. ಗಾಳಿ ನುಸುಳಬಾರದೆಂದು ಕೊರಳಿಗೂ ಹೊಟ್ಟೆಗೂ ಬಿಗಿಯಾಗಿ ಹೊಲಿದುಕೊಂಡಿದ್ದ.

"ಲೋ ತಿರಕಪ್ಪಾ, ಅದು ನಮ್ಮ ತುಪ್ಪಳ. ನನ್ನ ಕೂಸು ಸತ್ತು ಹೋತು. ಉಳಿದ ಮೂರಕ್ಕರ ಕೊಡು, ನಿನ್ನ ಕಾಲು ಬೀಳ್ತೀನಿ."

"ತುಪ್ಪಳದ ಮ್ಯಾಲ ನಿಮ್ಮ ಹೆಸರು ಬರದೈತೇನು? ತಂದ ದಿನಾನ ಬಿಚ್ಚಿ ನೋಡಬೇಕಿತ್ತು. ನಿನ್ನ ಕೂಸನ್ನ ಕೊಂದದ್ದು ನಿನ್ನ ನೇಮ, ನಾ ಅಲ್ಲ."

ಆ ಕೌದಿಯಲ್ಲಿ ಎಷ್ಟೋ ತಲೆಮಾರಿನ ಮೊಲಗಳ ವಾಸನೆ ಇತ್ತು. ಬಂಡೆಯ ಬುಡದ ಬಿಲದಲ್ಲಿದ್ದಾಗ ಆ ವಾಸನೆ ಹೊರಗೆ ಬಂದಿರಲಿಲ್ಲ. ಈಗ ಬಯಲ ಗಾಳಿ ಅದನ್ನು ತೋಳನ ಮೂಗಿಗೆ ಮುಟ್ಟಿಸಿತು. ತೋಳ ಓಡಿ ಬಂದಿತು. ಅಜ್ಜಿ ಮುಳ್ಳುಪೊದೆಯೊಳಗೆ ನುಸುಳಿದಳು.

ತಿರಕಪ್ಪ ಹೆದರಲಿಲ್ಲ. "ಬಾರೋ ತೋಳಪ್ಪಾ, ನನ್ನ ಮುಳ್ಳಿನ ರುಚಿ ನೋಡುವಂತಿ" ಎಂದು ಬೆನ್ನು ಕೊಡವಿದ. ಒಂದು ಮುಳ್ಳೂ ಏಳಲಿಲ್ಲ! ಎಲ್ಲವೂ ತುಪ್ಪಳದ ಪದರಗಳಲ್ಲಿ ಸಿಕ್ಕಿಕೊಂಡಿದ್ದವು, ಮೇಲೆ ಅವನದೇ ಬಿಗಿ ಹೊಲಿಗೆ. ಇನ್ನೊಮ್ಮೆ ಕೊಡವಿದ. ಮುಖ ಬಿಳಚಿಕೊಂಡಿತು.

"ಅಜ್ಜೀ! ದಾರ ಕಡಿಯವ್ವಾ! ಜೀವ ಉಳಸು!"

ಅಜ್ಜಿಗೆ ಕಾಲೇ ಬರಲಿಲ್ಲ. ಬಂದಿದ್ದರೂ ಹೋಗುತ್ತಿದ್ದಳೋ ಇಲ್ಲವೋ, ನನಗಂತೂ ಗೊತ್ತಿಲ್ಲ. ತೋಳ ಅವನ ಕೊರಳಿಗೇ ಬಾಯಿ ಹಾಕಿತು.

ತೋಳ ಹೋದ ಮೇಲೆ ಅಜ್ಜಿ ರಕ್ತ ಮೆತ್ತಿದ ತುಪ್ಪಳವನ್ನು ಆಯ್ದು ಹೊತ್ತು ತಂದಳು. ಅತ್ತೆ ಸೊಸೆ ಅದನ್ನು ಹಳ್ಳದಲ್ಲಿ ತೊಳೆದರು, ಬಂಡೆಯ ಮೇಲೆ ಒಣಗಿಸಿದರು. ಕೆಂಚವ್ವ ದಾರ ಪೋಣಿಸಿ ಕೊಟ್ಟಳು, ಅಜ್ಜಿ ತಡವಿ ತಡವಿ ಹೊಲಿದಳು. ಬೆರಳಿಗೆ ಎಷ್ಟು ಸಲ ಚುಚ್ಚಿತೋ!

ಹೊಲಿದು ಮುಗಿದಾಗ ಅಜ್ಜಿ ಕೌದಿಯನ್ನು ಮಡಚಲಿಲ್ಲ. ಒಂದು ಅಂಚನ್ನು ಹೊಲಿಯದೆ ಹಾಗೇ ಸೊಸೆಯ ಮುಂದೆ ಇಟ್ಟಳು.

"ಕೈ ಹಾಕಿ ನೋಡವ್ವಾ. ನಾನ ಹೊಲದೇನಿ ಅಂತ ಬಿಡಬ್ಯಾಡ. ತಪ್ಪು ನಂದು."

ಕೆಂಚವ್ವ ನಾಲ್ಕೂ ಮೂಲೆಗೆ ಕೈ ಹಾಕಿ ನಿಧಾನವಾಗಿ ನೋಡಿದಳು. ಆಮೇಲೆ ಅಂಚು ಹೊಲಿದು ಮೂರು ಮರಿಗಳಿಗೆ ಹೊದಿಸಿದಳು. ಅವು ಬೆಚ್ಚಗೆ ನಿದ್ದೆ ಹೋದವು. ಅತ್ತೆಯ ಜೊತೆ ಅವಳು ಅಂದು ಒಂದು ಮಾತೂ ಆಡಲಿಲ್ಲ.

ನೀತಿ: ಮೋಸದಿಂದ ಹೊದ್ದದ್ದು ಹೊದ್ದವನಿಗೇ ಉರುಳಾಗುತ್ತದೆ. ಆದರೆ ಕಣ್ಣಾರೆ ನೋಡದೆ ನೇಮವನ್ನೇ ನಂಬಿ ಕೂತವರಿಗೆ, ಕಳ್ಳ ಸತ್ತರೂ ಕಳೆದುಕೊಂಡ ಜೀವ ತಿರುಗಿ ಬರುವುದಿಲ್ಲ.