ಸಾಕಮ್ಮನ ಬೆರಳಿಗೆ ಒಗ್ಗಿದ ಮ್ಯಾಂಡೋಲಿನ್

ಮೌನಾಚಾರಿಯ ಹೆಂಡತಿ ಸಾಕಮ್ಮನಿಗೆ ಜ್ವರ ಬಂತಂತೆ. ಮೂರು ದಿನ ಇತ್ತು, ಹೋಗುವಾಗ ಅವಳ ಗಂಟಲನ್ನೂ ತೆಗೆದುಕೊಂಡು ಹೋಯಿತಂತೆ. ಬಾಯಿ ತೆರೆದರೆ ಬರೀ ಗಾಳಿ.

ಹಿಂದಿನ ಕಾಲದ ಮಾತು ಇದು. ಆಚಾರಿ ವೀಣೆ ಮಾಡುವವನು. ಅವನು ಮರ ಕೀಸುವಾಗ ಸಾಕಮ್ಮ ಒಳಗೆ ಹಾಡುತ್ತಿದ್ದಳಂತೆ. ಬೀಸುವ ಹಾಡು, ತೊಟ್ಟಿಲ ಹಾಡು, ದೀಪದ ಹಾಡು, ಹೀಗೆ ಮೂರು. ಮೂರೂ ಅವಳ ತಾಯಿಯಿಂದ ಬಂದವು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ, ಕಲಿಸಿಯೂ ಇರಲಿಲ್ಲ. ಈಗ ಮೂರು ಹಾಡೂ ಅವಳ ತಲೆಯೊಳಗೇ ಸಿಕ್ಕಿಕೊಂಡವು. ಮನೆ ಸುಮ್ಮನಾಯಿತು. ಆಚಾರಿಯ ಕೈ ಮರದ ಮೇಲೆ ಓಡದೆ ಹೋಯಿತು.

ಆಮೇಲೆ ಅವನು ಯೋಚನೆ ಮಾಡಿದನಂತೆ, ಗಂಟಲು ಹೋದರೆ ಹೋಗಲಿ, ಬೆರಳು ಇದೆಯಲ್ಲ. ವೀಣೆ ಕೊಡೋಣ ಅಂದರೆ ಅವಳು ಸಣಕಲು, ಎತ್ತಲಾರಳು. ಒಂದು ಸಲ ಸಮುದ್ರದಾಚೆಯ ವರ್ತಕನೊಬ್ಬ ಒಡೆದ ಮ್ಯಾಂಡೋಲಿನ್ ತಂದಿದ್ದ, ಆಚಾರಿ ಅಂಟು ಹಾಕಿ ಕೊಟ್ಟಿದ್ದ, ಅದರ ಅಳತೆಯನ್ನು ಒಂದು ಕಡ್ಡಿಯ ಮೇಲೆ ಗೀಚಿ ಸೂರಿಗೆ ಸಿಕ್ಕಿಸಿಟ್ಟಿದ್ದ. ಆ ಕಡ್ಡಿ ತೆಗೆದನಂತೆ.

ಮ್ಯಾಂಡೋಲಿನ್ ಹೇಗಿರುತ್ತೆ ಅಂತೀಯಾ? ಸೀಬೆಹಣ್ಣನ್ನು ಉದ್ದಕ್ಕೆ ಸೀಳಿ ಒಂದು ಕುತ್ತಿಗೆ ಇಟ್ಟ ಹಾಗೆ. ಮೇಲಿನ ಹಲಗೆ ಚಪ್ಪಟೆ, ಮಣೆಯ ಹಾಗೆ. ಎಂಟು ತಂತಿ, ಎರಡೆರಡು ಸೇರಿ ನಾಲ್ಕು ಜೋಡಿ. ಕುತ್ತಿಗೆಯ ಮೇಲೆ ಅಡ್ಡಡ್ಡಕ್ಕೆ ಲೋಹದ ಸಣ್ಣ ಪಟ್ಟಿ, ಅದಕ್ಕೆ ಮೆಟ್ಟಿಲು ಅಂತಾರೆ. ಎಡಗೈ ಬೆರಳು ತಂತಿಯನ್ನು ಮೆಟ್ಟಿಲಿಗೆ ಒತ್ತಬೇಕು, ಬಲಗೈ ಮೀಟಬೇಕು. ಅಷ್ಟೇ. ಕಣ್ಣು ಮುಚ್ಚಿ ಕತೆ ಕೇಳು.

ಮೊದಲನೆಯದನ್ನು ಹಲಸಿನ ಮರದಲ್ಲಿ ಮಾಡಿದನಂತೆ. ದಪ್ಪ ಹಲಗೆ. ಜೋರಾಗಿ ಮೀಟಿದರೆ ಮಾತ್ರ ನಾದ, ಅದೂ ಬಾವಿಯೊಳಗಿಂದ ಕೂಗಿದ ಹಾಗೆ. ತಾನೇ ಒತ್ತಿ ನೋಡಿದ. ಬೆಣ್ಣೆ ಇದ್ದ ಹಾಗಿದೆ ಕಣೇ ಸಾಕೂ, ಹಿಡಿ ಅಂದ. ಸಾಕಮ್ಮ ತಗೊಂಡಳು, ಒಂದು ಗಳಿಗೆ ನುಡಿಸಿದಳು, ನಕ್ಕಳು, ಗೋಡೆಯ ಗೂಟಕ್ಕೆ ತೂಗುಹಾಕಿದಳು. ಅವನ ಕಣ್ಣೆದುರು ಮತ್ತೆ ಮುಟ್ಟಲಿಲ್ಲ.

ನಾದ ಹಿಡಿಸಲಿಲ್ಲವೇನೋ ಅಂದುಕೊಂಡ. ಆಮೇಲೆ ಎರಡನೆಯದಕ್ಕೆ ಶಿವನೆ ಮರ ತಂದನಂತೆ. ಹಗುರ ಮರ. ಹಲಗೆಯನ್ನು ಕೀಸಿ ಕೀಸಿ, ಬೆರಳಲ್ಲಿ ತಟ್ಟಿ, ಕಿವಿಗಿಟ್ಟು, ಮತ್ತೆ ಕೀಸಿ, ಹಪ್ಪಳದ ಹಾಗೆ ತೆಳ್ಳಗೆ ಮಾಡಿದ. ಮೆಲ್ಲಗೆ ಮೀಟಿದರೂ ಸಾಕು, ಹಿತ್ತಾಳೆ ಚೊಂಬಿಗೆ ಉಗುರು ತಾಗಿದ ಹಾಗೆ ನಿಚ್ಚಳವಾಗಿ ಬಂತು, ಬಂದದ್ದು ಬೇಗ ಹೋಗಲೂ ಇಲ್ಲ. ಸಾಕಮ್ಮ ತಗೊಂಡಳು. ನಕ್ಕಳು. ಎರಡನೆಯ ಗೂಟಕ್ಕೆ ಹಾಕಿದಳು.

ಅಂದ ಸಾಲದೇನೋ ಅಂದುಕೊಂಡ. ಮೂರನೆಯದಕ್ಕೆ ಬೀಟೆಯ ಅಂಚು ಕೂರಿಸಿ, ಒಂದು ಜೋಡಿ ಗಿಳಿ ಕೆತ್ತಿದ. ಅದೂ ಮೂರನೆಯ ಗೂಟಕ್ಕೆ ಹೋಯಿತಂತೆ.

ಆಚಾರಿಗೆ ಸಿಟ್ಟು ಬಂತು. ಒಂದೊಂದಕ್ಕೂ ಮೂರು ಮೂರು ತಿಂಗಳು ಕೂತು ಮಾಡಿದ್ದೀನಿ, ಬೇಡವಾದರೆ ಬೇಡ ಅಂತ ಬಾಯಿಬಿಟ್ಟು ಹೇಳು ಅಂದುಬಿಟ್ಟ. ಸಾಕಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿದ.

ಸಿಟ್ಟು ಈಗ ಮ್ಯಾಂಡೋಲಿನ್ ಮೇಲೆ ತಿರುಗಿತು. ಒಡೆದೇ ಹಾಕುತ್ತೇನೆ ಅಂತ ಗಿಳಿಯದನ್ನು ಗೂಟದಿಂದ ಇಳಿಸಿದನಂತೆ. ಐದನೆಯ ಮೆಟ್ಟಿಲ ಹತ್ತಿರ ತಂತಿಯ ಮೇಲೆ ಕೆಂಪು. ಕುಂಕುಮ ಅಂದುಕೊಂಡು ಒರೆಸಿದ, ಹೋಗಲಿಲ್ಲ. ಉಳಿದೆರಡನ್ನೂ ಇಳಿಸಿದ, ಅವುಗಳಲ್ಲೂ ಇತ್ತು. ಸಾಕಮ್ಮ ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಹಿಡಿದೆಳೆದು ನೋಡಿದ. ನಾಲ್ಕು ಬೆರಳ ತುದಿಯೂ ಸೀಳಿತ್ತು. ಅವನು ಇಲ್ಲದಾಗೆಲ್ಲ ಪ್ರಯತ್ನ ಮಾಡಿದ್ದಳು. ಅಷ್ಟು ಆಸೆಯಿಂದ ಮಾಡಿಕೊಟ್ಟವನಿಗೆ ನೋಯುತ್ತೆ ಅಂತ ತೋರಿಸಿರಲಿಲ್ಲ.

ಆಚಾರಿ ಅದೇ ತಂತಿಯನ್ನು ಅದೇ ಜಾಗದಲ್ಲಿ ಒತ್ತಿದ. ಏನೂ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ. ಏನೂ ಇಲ್ಲ.

ಪಕ್ಕದ ಮನೆಯಲ್ಲಿ ಹೂಬತ್ತಿ ಹೊಸೆಯುವ ನಂಜಜ್ಜಿ ಇದ್ದಳು. ಅವಳ ಹತ್ತಿರ ಹೋದ. ಅಜ್ಜೀ, ನನಗೆ ಯಾಕೆ ನೋಯಲ್ಲ ಅಂದ. ಅಜ್ಜಿ ಅವನ ಕೈ ತಿರುಗಿಸಿ ನೋಡಿ, ಇದು ಕೈಯೇನೋ, ಎಮ್ಮೆ ಗೊರಸು ಇದ್ದ ಹಾಗಿದೆ, ಮೂವತ್ತು ವರ್ಷ ಉಳಿ ಹಿಡಿದು ಜಡ್ಡುಗಟ್ಟಿದೆ, ಇದರಲ್ಲಿ ಮುಟ್ಟಿ ಬೆಣ್ಣೆ ಅಂದೆಯಾ, ನಿನಗೆ ಮುಳ್ಳೂ ಬೆಣ್ಣೆಯೇ ಕಣೋ ಅಂದಳಂತೆ. ಹಾಗಾದರೆ ಏನು ಮಾಡಲಿ ಅಂದ. ಉಳಿ ಕೆಳಗಿಡು, ಬತ್ತಿ ಹೊಸಿ ಅಂದಳು.

ಅವನು ಹತ್ತಿ ತಗೊಂಡ. ಕೂತ.

ಮೊದಲನೆಯ ತಿಂಗಳು ಅವನು ಹೊಸೆದ ಬತ್ತಿ ನೋಡಿ ನಂಜಜ್ಜಿ, ಇದನ್ನ ದೀಪಕ್ಕೆ ಹಾಕೋಣವೋ ಇಲ್ಲ ಎತ್ತು ಕಟ್ಟೋಣವೋ ಅಂದಳು. ದಾರಿಯಲ್ಲಿ ಹೋಗುವವರು, ಏನ್ ಆಚಾರ್ರೇ, ಸೀರೆ ಯಾವಾಗ ಉಡ್ತೀರಿ ಅಂತ ನಕ್ಕರು. ಎರಡನೆಯ ತಿಂಗಳು ಬೆರಳ ಜಡ್ಡು ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಮೂರನೆಯ ತಿಂಗಳು ಬತ್ತಿ ಮಲ್ಲಿಗೆ ಮೊಗ್ಗಿನ ಹಾಗೆ ಬಂತು. ಅಜ್ಜಿ ಅದನ್ನು ಹಿಡಿದು ನೋಡಿ, ಈಗ ಹೋಗು ಅಂದಳಂತೆ.

ಆಮೇಲೆ ಮನೆಗೆ ಬಂದು ಶಿವನೆ ಮರದ್ದನ್ನು ಇಳಿಸಿ ತಂತಿ ಒತ್ತಿದ. ಅಯ್ಯಯ್ಯಪ್ಪಾ ಅಂತ ಕೂಗಿಕೊಂಡನಂತೆ. ಒಲೆಯ ಮುಂದೆ ಕೂತಿದ್ದ ಸಾಕಮ್ಮನಿಗೆ ನಗು ತಡೆಯಲಿಲ್ಲ. ದನಿಯಿಲ್ಲದ ನಗು, ಹೆಗಲು ಕುಲುಕಿತು.

ಈಗ ಅವನಿಗೆ ತಿಳಿಯಿತು, ತಂತಿ ಮೆಟ್ಟಿಲಿನಿಂದ ಬಹಳ ಮೇಲಿದೆ. ತಂತಿಯನ್ನು ಹೊರುವ ಮರದ ತುಂಡಿಗೆ ಕುದುರೆ ಅಂತಾರೆ. ಅದರ ಬುಡವನ್ನು ಕಲ್ಲಿಗೆ ಉಜ್ಜಿ ಗಿಡ್ಡ ಮಾಡಿದ. ಜಾಸ್ತಿ ಇಳಿಯಿತು. ತಂತಿ ಮೆಟ್ಟಿಲಿಗೆ ಬಡಿದು ಜರ್ ಅಂತು. ಬೇರೆ ಕುದುರೆ ಮಾಡಿದ. ಅದು ಒಂದು ಕಡೆ ಸರಿ, ಇನ್ನೊಂದು ಕಡೆ ಜರ್. ಆಗ ಒಂದೊಂದು ಮೆಟ್ಟಿಲನ್ನೂ ಬೆರಳಲ್ಲಿ ಸವರಿ, ಎದ್ದಿದ್ದನ್ನು ಅರದಿಂದ ಉಜ್ಜಿ, ಮೂರನೆಯ ಕುದುರೆ ಕೂರಿಸಿದ. ತಂತಿಗೂ ಮೆಟ್ಟಿಲಿಗೂ ನಡುವೆ ಒಂದು ತಾಳೆಗರಿ ತೂರುವಷ್ಟೇ ಜಾಗ. ಒತ್ತಿದ. ನೋಯಲಿಲ್ಲ. ಜರ್ ಅನ್ನಲಿಲ್ಲ. ತೆಳ್ಳನೆಯ ಹಲಗೆ, ಮೆಲ್ಲಗೆ ಮೀಟಿದರೂ ಮನೆ ತುಂಬ ಕೇಳಿತು.

ಈ ಸಲ ಬೆಣ್ಣೆ ಅನ್ನಲಿಲ್ಲ. ಅವಳ ಮಡಿಲಲ್ಲಿ ಇಟ್ಟು ದೂರ ಹೋಗಿ ಕೂತನಂತೆ.

ಸಾಕಮ್ಮ ಒತ್ತಿದಳು, ನಿಲ್ಲಿಸಿ ಬೆರಳು ನೋಡಿಕೊಂಡಳು, ಮತ್ತೆ ಒತ್ತಿದಳು. ಬೀಸುವ ಹಾಡು ಬಂತು. ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ತೊಟ್ಟಿಲ ಹಾಡು ಬಂತು. ದೀಪದ ಹಾಡಿಗೆ ನಂಜಜ್ಜಿ ಗೋಡೆಯಾಚೆಯಿಂದ ಎದ್ದು ಬಂದು ಬಾಗಿಲಲ್ಲಿ ಕೂತು ಕೇಳುತ್ತ ಕೇಳುತ್ತ ಗುನುಗಿದಳು. ಒಲೆಯ ಮೇಲೆ ಮುದ್ದೆ ಸೀದುಹೋಯಿತು. ಯಾರೂ ಏಳಲಿಲ್ಲ.

ಮಾರನೆಯ ಬೆಳಗ್ಗೆಯೇ ಆಚಾರಿ ಉಳಿ ಹಿಡಿದ. ಹಿಡಿಯದೆ ಹೊಟ್ಟೆ ನಡೆಯುತ್ತಾ? ಕೈ ಮತ್ತೆ ಗೊರಸಾಯಿತು. ಆದರೆ ಅಲ್ಲಿಂದ ಮುಂದೆ ಏನು ಮಾಡಿದರೂ ಮೊದಲು ಸಾಕಮ್ಮನ ಮಡಿಲಲ್ಲಿ ಇಡುತ್ತಿದ್ದನಂತೆ. ಅವಳು ಗೋಡೆಗೆ ಒರಗಿಸಿದರೆ ಬಿಚ್ಚಿ ಮತ್ತೆ ಮಾಡುತ್ತಿದ್ದ. ಮಡಿಲಲ್ಲೇ ಇಟ್ಟುಕೊಂಡರೆ ಕೆಲಸ ಮುಗಿಯಿತು ಅಂತ ಲೆಕ್ಕ.

ಆ ಮೂರು ಹಾಡು ನಂಜಜ್ಜಿ ಕಲಿತಳು. ಅವಳಿಂದ ಬೀದಿ ಕಲಿಯಿತು.

ಗೋಡೆಯ ಮೇಲೆ ಗೂಟ ಮೂರು. ಶಿವನೆ ಮರದ್ದನ್ನು ತೂಗಿದ್ದ ನಡುವಿನದು ಆಮೇಲೆ ಯಾವಾಗಲೂ ಖಾಲಿ ಇತ್ತಂತೆ. ಕತೆ ಅಲ್ಲಿಗೆ ಆಯಿತು.